ನಾಲ್ಕು ಪಾಸ್, ಒಂದು ತಪ್ಪು

ಗಂಗಾವತಿಯ ಅಕ್ಕಿ ಗಿರಣಿಗಳಿಂದ ನನ್ನ ಅಂಗಡಿಗೆ ಬರುವ ಕಂಪ್ಯೂಟರುಗಳನ್ನು ಬಿಚ್ಚಿದರೆ ಒಳಗೆ ತೌಡು ಇರುತ್ತದೆ. ಫ್ಯಾನಿನ ರೆಕ್ಕೆಗೆ, ರ‍್ಯಾಮ್ ಕೂರುವ ಸಂದಿಗೆ, ಎಲ್ಲಕ್ಕೂ ಹಿಟ್ಟು ಸವರಿದ ಹಾಗೆ ಮೆತ್ತಿಕೊಂಡಿರುತ್ತದೆ. ಅದನ್ನು ಗಾಳಿ ಊದಿ ಹಾರಿಸುವುದರಿಂದಲೇ ನಾನು ಈ ಕೆಲಸ ಕಲಿತದ್ದು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಒಂದು ರಿಪೇರಿ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದೆ. ಆಮೇಲೆ ಸ್ಕ್ರೂ ಬಿಚ್ಚಲು ಬಿಟ್ಟರು, ಆಮೇಲೆ ಹಾಕಲು ಬಿಟ್ಟರು. ಅಂಗಡಿಯವರು ವಯಸ್ಸಾಗಿ ಕಣ್ಣು ಕಾಣದಾದಾಗ ಅದನ್ನು ನಾನೇ ನಡೆಸತೊಡಗಿದೆ. ಓದಿದ್ದು ಹತ್ತನೆಯ ತರಗತಿ, ಅದೂ ಗಣಿತದಲ್ಲಿ ಫೇಲು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತೇನೆ. ಕಂಪ್ಯೂಟರಿನ ಪರದೆಯ ಮೇಲೆ ಬರುವ ಮಾತುಗಳಲ್ಲಿ ನನ್ನ ಕೆಲಸಕ್ಕೆ ಬೇಕಾದವು ಐವತ್ತೋ ಅರವತ್ತೋ ಇದ್ದಾವು. ಅಷ್ಟನ್ನು ಮಾತ್ರ ಎಂ.ಎ. ಓದಿದವರಿಗಿಂತ ಚೆನ್ನಾಗಿ ಬಲ್ಲೆ.

ಆ ಐವತ್ತರಲ್ಲಿ ಒಂದು ಮಾತನ್ನು ಹಿಡಿದು ನಾನು ನನ್ನ ಅಣ್ಣನಿಗೆ ಮೋಸ ಮಾಡಿದೆ. ಹೇಗೆ ಮಾಡಿದೆ, ಯಾಕೆ ಮಾಡಿದೆ ಎನ್ನುವುದನ್ನು ಏನೂ ಬಿಡದೆ ಬರೆಯಬೇಕೆಂದು ಕೂತಿದ್ದೇನೆ.

ನಮ್ಮದು ಮೂಲತಃ ಹನುಮಸಾಗರ. ಮನೆಯಲ್ಲಿ ಅಣ್ಣ ಮತ್ತು ನಾನು ಇಬ್ಬರೇ ಮಕ್ಕಳು. ನಾನು ಹತ್ತನೆಯ ತರಗತಿಯ ಗಣಿತದಲ್ಲಿ ಇಪ್ಪತ್ತೊಂಬತ್ತು ತೆಗೆದೆ. ಪಾಸಾಗಲು ಮೂವತ್ತೈದು ಬೇಕು. ಆರು ಅಂಕ ತಾನೇ, ಇನ್ನೊಮ್ಮೆ ಕೂತರೆ ಆಗುತ್ತದೆ ಎಂದು ಸಾಲಿಯ ಮೇಷ್ಟ್ರು ಮರುಪರೀಕ್ಷೆಯ ಫಾರ್ಮು ತುಂಬಿಸಿ ಕೊಟ್ಟರು. ನನ್ನ ಫೋಟೋ ಅಂಟಿಸಿ, ಅಪ್ಪನ ಸಹಿ ಮಾಡಿಸಿ ಅಣ್ಣನ ಕೈಗೆ ಕೊಟ್ಟೆವು. ಅವನು ಆಗ ಕುಷ್ಟಗಿಯಲ್ಲಿ ಓದುತ್ತಿದ್ದ, ಅದನ್ನು ಮುಟ್ಟಿಸಬೇಕಾದದ್ದೂ ಕುಷ್ಟಗಿಯಲ್ಲೇ. ಸಂಜೆ ಬಂದು ಕೊಟ್ಟೆ ಎಂದ. ನಾನು ಎರಡು ತಿಂಗಳು ಲೆಕ್ಕ ಮಾಡಿದೆ. ಒಲೆ ಮುಂದೆ ಕೂತು ಮಾಡಿದೆ, ಕಳೆ ಕೀಳಲು ಹೋದಾಗ ಬದುವಿನ ಮೇಲೆ ಕೂತು ಮಾಡಿದೆ. ಪ್ರವೇಶ ಪತ್ರ ಬಂದ ದಿನ ಎಲ್ಲರ ಹೆಸರೂ ಕರೆದರು, ನನ್ನದು ಇರಲಿಲ್ಲ. ಫಾರ್ಮು ಅಣ್ಣನ ಪ್ಯಾಂಟಿನ ಕಿಸೆಯಲ್ಲೇ ಉಳಿದು, ಒಗೆಯುವಾಗ ಅವ್ವನ ಕೈಯಲ್ಲಿ ಮುದ್ದೆಯಾಗಿ ಸಿಕ್ಕಿತ್ತು. ಅವ್ವ ಅದೇನೆಂದು ತಿಳಿಯದೆ ಒಲೆಗೆ ಹಾಕಿದ್ದಳು. ಆ ದಿನ ಅವನು ಚೆಂಡಾಟಕ್ಕೆ ಹೋಗಿದ್ದನಂತೆ. ಬರುವ ವರ್ಷ ಕೂಡುವಿಯಂತೆ ಎಂದು ಅಪ್ಪ ಹೇಳಿದ. ಬರುವ ವರ್ಷ ನನ್ನ ಮದುವೆಯಾಯಿತು.

ಇದಕ್ಕಾಗಿ ನಾನು ಅಣ್ಣನನ್ನು ಕ್ಷಮಿಸಿದ್ದೆ ಎಂದುಕೊಂಡಿದ್ದೆ. ಅವನು ಡಿ.ಎಡ್ ಮುಗಿಸಿ ಮೇಷ್ಟ್ರಾದ, ಕೊಪ್ಪಳದಲ್ಲಿ ಮನೆ ಮಾಡಿದ, ಯಲಬುರ್ಗಾ ಕಡೆಯ ಒಂದು ಸಾಲಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದ. ಹಬ್ಬಕ್ಕೆ ಸೀರೆ ತರುತ್ತಿದ್ದ. ಅತ್ತಿಗೆಯಂತೂ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು.

ಮೂರು ವರ್ಷದಿಂದ ಅಣ್ಣನಿಗೆ ಒಂದು ಹುಚ್ಚು ಹತ್ತಿತ್ತು. ಹಾಡು ಕೇಳುವುದಕ್ಕೆಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದ. ಅದರಲ್ಲಿ ಬೇರೆ ಕೆಲಸ ಮಾಡುವಂತಿಲ್ಲ, ಇಂಟರ್ನೆಟ್ಟೂ ಇಲ್ಲ. ಸದ್ದು ಬರುತ್ತದೆಂದು ಒಳಗಿನ ಫ್ಯಾನುಗಳನ್ನೆಲ್ಲ ಕೀಳಿಸಿ, ಗಾಜಿನ ಬಾಗಿಲಿನ ಒಂದು ಮರದ ಕಪಾಟಿನಲ್ಲಿ ಕೂರಿಸಿದ್ದ. ಯೂಟ್ಯೂಬಿನಲ್ಲಿ ಯಾರೋ ಹೇಳಿದ್ದರಂತೆ: ಮೆಮೊರಿಯ ವೇಗ ಏರಿಸಿದರೆ ಹಾಡು ಇನ್ನೂ ತಿಳಿಯಾಗುತ್ತದೆ, ತಬಲಾದ ಚರ್ಮ ಬೇರೆ, ನಡುವಿನ ಕಪ್ಪು ಕರಣೆ ಬೇರೆ ಕೇಳಿಸುತ್ತದೆ ಎಂದು. ಹೊಸ ರ‍್ಯಾಮ್, ಅಂದರೆ ಮೆಮೊರಿಯ ಪಟ್ಟಿ, ತರಿಸಿಕೊಂಡು ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಒಂದು ಶನಿವಾರ ಮುಂಜಾನೆ ನನ್ನ ಅಂಗಡಿಗೆ ತಂದ. ರ‍್ಯಾಮಿನ ಪೊಟ್ಟಣದ ಮೇಲೆ ವೇಗ ಮೂರು ಸಾವಿರದ ಇನ್ನೂರು ಎಂದಿತ್ತು. ಅವನಿಗೆ ಮೂರು ಸಾವಿರದ ಎಂಟುನೂರು ಬೇಕಿತ್ತು.

ವೇಗ ಏರಿಸಬಹುದು, ಆದರೆ ತಡೆದುಕೊಳ್ಳುತ್ತದೋ ಇಲ್ಲವೋ ಪರೀಕ್ಷೆ ಮಾಡದೆ ಕೊಡಲಾರೆ ಎಂದೆ. ಹಾಡಿನಲ್ಲಿ ಏನೂ ಬದಲಾಗುವುದಿಲ್ಲ ಎಂದೂ ಹೇಳಿದೆ. ನಿನಗೆ ಕಿವಿ ಇಲ್ಲ ಬಿಡು ಎಂದ.

ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯಲ್ಲ. ಪೆನ್‌ಡ್ರೈವಿನಿಂದ ಒಂದು ಪ್ರೋಗ್ರಾಂ ಹಚ್ಚಿದರೆ ಅದು ಮೆಮೊರಿಯ ಮೂಲೆ ಮೂಲೆಗೂ ಏನೋ ಒಂದು ಬರೆದು, ಬರೆದದ್ದನ್ನು ಓದಿ, ಎರಡೂ ಒಂದೇ ಇವೆಯೇ ಎಂದು ನೋಡುತ್ತದೆ. ಒಂದು ಸುತ್ತು ಮುಗಿದರೆ ಮೇಲೆ ‘ಪಾಸ್ ಒಂದು’ ಎಂದು ಬರುತ್ತದೆ. ಈ ಪಾಸ್ ಎನ್ನುವ ಮಾತಿನಲ್ಲಿ ಹೊಸಬರು ಎಡವುತ್ತಾರೆ, ನಾನೂ ಮೊದಲ ವರ್ಷ ಎಡವಿದ್ದೆ. ಅಲ್ಲಿ ಪಾಸ್ ಎಂದರೆ ತೇರ್ಗಡೆಯಾಯಿತು ಎಂದಲ್ಲ. ಒಂದು ಸುತ್ತು ಮುಗಿಯಿತು ಎಂದಷ್ಟೇ. ತೇರ್ಗಡೆಯೋ ಅಲ್ಲವೋ ತಿಳಿಯಬೇಕಾದರೆ ಪಕ್ಕದಲ್ಲಿ ಬರುವ ತಪ್ಪುಗಳ ಸಂಖ್ಯೆ ನೋಡಬೇಕು. ಅದು ಸೊನ್ನೆ ಇರಬೇಕು. ಈ ಪರೀಕ್ಷೆಯಲ್ಲಿ ಮೂವತ್ತೈದಕ್ಕೆ ಪಾಸಿಲ್ಲ, ತೊಂಬತ್ತೊಂಬತ್ತಕ್ಕೂ ಇಲ್ಲ. ಕೋಟಿ ಸಲ ಸರಿ ಓದಿ ಒಂದು ಸಲ ತಪ್ಪಿದರೂ ಆ ವೇಗಕ್ಕೆ ಆ ಮೆಮೊರಿ ಫೇಲು.

ಸುತ್ತು ಶುರುವಾಯಿತು. ಅಣ್ಣ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಗಿರಣಿಯ ಇಬ್ಬರು ಗುಮಾಸ್ತರು ತಮ್ಮ ಪ್ರಿಂಟರು ಹಿಡಿದುಕೊಂಡು ಬಂದರು. ಅವರಲ್ಲಿ ಒಬ್ಬರು, ನಿಮ್ಮ ತಂಗಿ ಭಾಳ ಹುಷಾರ್ರಿ ಮಾಸ್ತರ, ಎಲ್ಲಿ ಕಲಿಸಿದ್ರಿ, ಎಂದು ಸುಮ್ಮನೆ ಮಾತಿಗೆ ಕೇಳಿದರು. ಅಣ್ಣ ನಕ್ಕ.

"ಎಲ್ಲಿ ಕಲಿಸೂದ್ರಿ. ಅಕಿ ಎಸ್ಸೆಸ್ಸೆಲ್ಸಿ ಫೇಲ್. ಮತ್ತೊಮ್ಮಿ ಕುಂದರ್ತೀನಂತ ಫಾರ್ಮ್ ತುಂಬಿದ್ಲು. ಈಕಿ ಎಲ್ಲಿ ಪಾಸಾಕ್ಕಾಳಂತ ನಾನ ಅದನ್ನ ಕೊಡ್ಲಿಲ್ಲ. ಕೊಡದಿದ್ದಕ್ಕ ನೋಡ್ರಿ, ಈಗ ಇಂಜಿನಿಯರ್ ಆಗಿ ಕುಂತಾಳ."

ಗುಮಾಸ್ತರು ನಕ್ಕರು. ನಾನೂ ನಕ್ಕೆ. ಪ್ರಿಂಟರಿನ ಮುಚ್ಚಳ ತೆಗೆಯುತ್ತ, ತಲೆ ಎತ್ತದೆ, ಗಿರಾಕಿಗಳ ಮುಂದೆ ಹೇಗೆ ನಗಬೇಕೋ ಹಾಗೆ ನಕ್ಕೆ. ಫಾರ್ಮು ಕೊಡಲು ಮರೆತಿದ್ದ ಎಂದೇ ಇಪ್ಪತ್ತು ವರ್ಷ ನಂಬಿದ್ದೆ. ಮರೆವಿಗೆ ಏನು ಮಾಡಲಿಕ್ಕಾಗುತ್ತದೆ ಎಂದು ಕ್ಷಮಿಸಿದ್ದೆ. ಈಗ ಅವನು ಮರೆಯಲಿಲ್ಲ ಎನ್ನುತ್ತಿದ್ದ. ಅದು ನಿಜವೋ, ನಗಿಸಲು ಕಟ್ಟಿದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಎರಡೂ ನನಗೆ ಒಂದೇ ಆಗಿದ್ದವು. ಪ್ರಿಂಟರಿನೊಳಗೆ ಸಿಕ್ಕಿದ್ದ ಕಾಗದವನ್ನು ಎಳೆದೆ, ಅದು ಹರಿದು ಅರ್ಧ ಒಳಗೇ ಉಳಿಯಿತು.

ಅಣ್ಣ ಸಂತೆಗೆ ಹೋಗಿ ಬರುತ್ತೇನೆಂದು ಎದ್ದ. ಮಧ್ಯಾಹ್ನ ಅಂಗಡಿ ಕಾದ ಹಂಚಿನ ಹಾಗಿತ್ತು. ಮೂರನೆಯ ಸುತ್ತಿನಲ್ಲಿ ಒಂದು ಕೆಂಪು ಸಾಲು ಬಂತು. ಒಂದೇ ಒಂದು ತಪ್ಪು. ನಾನು ಅದನ್ನು ನೋಡುತ್ತ ನಿಂತೆ. ಬೇರೆ ಯಾರ ಕಂಪ್ಯೂಟರ್ ಆಗಿದ್ದರೂ ಅಲ್ಲೇ ನಿಲ್ಲಿಸಿ, ವೇಗ ಇಳಿಸಿ, ಮತ್ತೆ ಮೊದಲಿನಿಂದ ಹಚ್ಚುತ್ತಿದ್ದೆ. ನನ್ನ ಅಂಗಡಿಯ ಕೆಲಸದ ರೀತಿಯೇ ಅದು, ಅದಕ್ಕಾಗಿಯೇ ಗಿರಣಿಯವರು ನನ್ನಲ್ಲಿಗೆ ಬರುವುದು. ಅವತ್ತು ನಿಲ್ಲಿಸಲಿಲ್ಲ. ನಾಲ್ಕನೆಯ ಸುತ್ತೂ ಮುಗಿಯಿತು. ಅಂಗಡಿಯಲ್ಲಿ, ಬೀಸುವ ಫ್ಯಾನಿನ ಕೆಳಗೆ ಒಂದು ತಪ್ಪು. ಅವನ ಮನೆಯಲ್ಲಿ, ಗಾಳಿ ಆಡದ ಕಪಾಟಿನ ಬಿಸಿಯಲ್ಲಿ ಅದು ಎಷ್ಟಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರದೆಯನ್ನು ಆರಿಸಿಬಿಟ್ಟೆ.

ಸಂಜೆ ಐದರ ಸುಮಾರಿಗೆ ಅಣ್ಣ ಕೈಯಲ್ಲಿ ಬದನೆಕಾಯಿಯ ಚೀಲ ಹಿಡಿದು ಬಂದ.

"ಪಾಸಾತೇನವಾ?"

"ನಾಕು ಪಾಸ್ ಆಗೇತಿ ಯಣ್ಣಾ."

ಒಂದಕ್ಷರ ಸುಳ್ಳಿಲ್ಲ. ಅವನು ಖುಷಿಯಾಗಿ, ನಾಕೂ ಪಾಸಾ, ಎಂದು ನನ್ನ ಬೆನ್ನಿಗೆ ಬಡಿದ. ಅರ್ಧ ಚೀಲ ಬದನೆಕಾಯಿ ನನಗೆ ಸುರಿದುಕೊಟ್ಟು, ಕಂಪ್ಯೂಟರನ್ನು ಮತ್ತೆ ಚಾದರದಲ್ಲಿ ಸುತ್ತಿ ಕೊಪ್ಪಳದ ಬಸ್ಸು ಹತ್ತಿದ. ಆ ವಾರ ನಾನು ಅಡುಗೆ ಮಾಡುವಾಗ, ಬಟ್ಟೆ ಒಣ ಹಾಕುವಾಗ ಸುಮ್ಮಸುಮ್ಮನೆ ನಗುತ್ತಿದ್ದೆ. ಗಂಡ ಏನೆಂದು ಕೇಳಿದರೂ ಹೇಳಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಒಂದೇ ಚಿತ್ರ: ಅವನ ಸಾಲಿಯ ಮೇಷ್ಟ್ರುಗಳು ಅವನ ಮನೆಯಲ್ಲಿ ಸಾಲಾಗಿ ಕೂತಿದ್ದಾರೆ, ಅವನು ತಬಲಾದ ಕರಣೆಯ ವಿಷಯ ಪಾಠ ಮಾಡಿ ಹಾಡು ಹಚ್ಚುತ್ತಾನೆ, ಹಾಡು ಗರ್ರನೆ ಒದರಿ ನಿಲ್ಲುತ್ತದೆ, ಅವರು ನಗುತ್ತಾರೆ. ನಾನು ನಕ್ಕ ಹಾಗೆ ಅವನೂ ನಗಬೇಕಾಗುತ್ತದೆ. ಸೇಡಿಗೆ ಅಷ್ಟು ಸಾಕಿತ್ತು ನನಗೆ.

ಎಂಟು ಹತ್ತು ದಿನ ಕಳೆದ ಮೇಲೆ ಅತ್ತಿಗೆ ಫೋನು ಮಾಡಿದಳು. ನಿಮ್ಮಪ್ಪನ ಕ್ಯಾಸೆಟ್ಟುಗಳನ್ನೆಲ್ಲ ನಿಮ್ಮಣ್ಣ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ, ಒಂದು ಭಾನುವಾರಕ್ಕೆ ನಾಲ್ಕರಂತೆ, ಎಂದಳು.

ಅಪ್ಪ ದೊಡ್ಡಾಟದ ಹಿಮ್ಮೇಳದಲ್ಲಿ ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದವ. ಹನುಮಸಾಗರದಿಂದ ಕನಕಗಿರಿಯವರೆಗೆ ಅವನ ದನಿ ಕೇಳದ ಊರಿಲ್ಲ. ಆಟದ ಬಯಲಲ್ಲಿ ಟೇಪ್ ರೆಕಾರ್ಡರ್ ಇಟ್ಟು ಯಾರ‍್ಯಾರೋ ತುಂಬಿಸಿದ ಹನ್ನೊಂದು ಕ್ಯಾಸೆಟ್ಟು ಒಂದು ತಗಡಿನ ಡಬ್ಬಿಯಲ್ಲಿ ಅಣ್ಣನ ಮನೆಯ ಅಟ್ಟದ ಮೇಲಿದ್ದವು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಒಂದು ಕೈ, ಒಂದು ಕಾಲು ಹೋಯಿತು, ನಾಲಿಗೆ ಹೊರಳದಾಯಿತು. ಅಂದಿನಿಂದ ಅವನು ಅಣ್ಣನ ಮನೆಯಲ್ಲೇ ಇದ್ದಾನೆ. ಅವನ ದನಿ ಎಂದು ಉಳಿದದ್ದು ಆ ಡಬ್ಬಿಯಲ್ಲಿ ಇದ್ದಷ್ಟೇ.

ಆ ಟೇಪುಗಳು ಎಷ್ಟು ಹಳತಾಗಿದ್ದವೆಂದರೆ ಒಮ್ಮೆ ಓಡಿದ ಕೂಡಲೇ ಕಂದು ಪುಡಿ ಉದುರಿಸಿ ಮತ್ತೆ ಓಡದಂತಾಗುತ್ತಿದ್ದವಂತೆ. ಇಳಿಸಿದ ಮೇಲೆ ನಿಮ್ಮಣ್ಣ ಅವನ್ನು ಎಸೆದೇಬಿಡುತ್ತಿದ್ದಾರೆ ಎಂದು ಅತ್ತಿಗೆ ಹೇಳಿದಳು. ತಪ್ಪು ಓದುವ ಮೆಮೊರಿಯ ಮೂಲಕ ಹಾದುಹೋದ ಯಾವ ಫೈಲನ್ನೂ ನಂಬಲಾಗದು. ಹಾಡು ಎದುರಿಗೆ ಒದರುವುದು ಒಂದು, ಬರೆದಿಟ್ಟದ್ದೇ ಒಳಗೊಳಗೆ ಕೆಟ್ಟುಹೋಗುವುದು ಇನ್ನೊಂದು. ಎರಡನೆಯದು ಗೊತ್ತೇ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆಗ ಇನ್ನೂ ನಾಲ್ಕೇ ಕ್ಯಾಸೆಟ್ಟು ಇಳಿದಿದ್ದವು, ಏಳು ಡಬ್ಬಿಯಲ್ಲೇ ಇದ್ದವು. ನಾನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಛಲೋ ಆತು ಬಿಡು ಅತ್ತಿಗಿ, ಎಂದೆ.

ನನ್ನ ತಪ್ಪು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅದು ಆ ಶನಿವಾರದಲ್ಲಿಲ್ಲ, ಈ ಫೋನಿನಲ್ಲಿದೆ. ಶನಿವಾರ ಸಿಟ್ಟಿನಲ್ಲಿದ್ದೆ. ಫೋನು ಬಂದಾಗ ಸಿಟ್ಟು ತಣ್ಣಗಾಗಿತ್ತು, ಯೋಚಿಸಲು ಹೊತ್ತಿತ್ತು, ನಾನು ಯೋಚಿಸಿಯೂ ಯೋಚಿಸಿದೆ. ಹೇಳಿದರೆ ಅವನ ಮುಂದೆ ಕಳ್ಳಿಯಾಗುತ್ತೇನೆ, ಹೇಳದಿದ್ದರೆ ಬಹುಶಃ ಏನೂ ಆಗಲಿಕ್ಕಿಲ್ಲ, ಒಂದು ತಪ್ಪು ತಾನೇ ಎಂದುಕೊಂಡೆ. ಗಿರಾಕಿಗಳಿಗೆ ಎಂದೂ ಹೇಳದ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಮುಂದಿನ ಭಾನುವಾರ ಮತ್ತೆ ನಾಲ್ಕು ಇಳಿದವು, ಅದರ ಮುಂದಿನ ಭಾನುವಾರ ಉಳಿದ ಮೂರು.

ಎಲ್ಲ ಮುಗಿದ ಮೇಲೆ ಅಣ್ಣ ನನ್ನನ್ನು ಕರೆದ. ಅಪ್ಪನಿಗೆ ಅವನ ಹಾಡು ಕೇಳಿಸುತ್ತೇನೆ, ನೀನೂ ಬಾ ಎಂದ. ಹೋದೆ. ಅಪ್ಪನ ಹಾಡು ಕೇಳಲು ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಣ್ಣನ ಮುಖ ನೋಡಲು ಹೋದೆ.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದರು. ಮೊದಲ ಹಾಡು ಚೆನ್ನಾಗಿ ಬಂತು. ಅಪ್ಪನ ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನ ದನಿ, ಹಿಂದೆ ಜನರ ಗದ್ದಲ, ಎಲ್ಲೋ ಒಂದು ಕೂಸಿನ ಅಳು. ಅಪ್ಪ ಆಡುವ ಕೈಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದ. ಎರಡನೆಯದರಲ್ಲಿ ಟಪ್ ಎಂದು ಸದ್ದು ಬಂತು, ಮತ್ತೊಮ್ಮೆ ಟಪ್. ಒಂದು ಕಡೆ ದನಿ ಪೂರ್ತಿ ಹಾರಿಹೋಯಿತು. ಅಪ್ಪ ತಾಳ ಬಿಡಲಿಲ್ಲ. ದನಿ ಮರಳಿ ಬಂದಾಗ ಅವನ ಬೆರಳೂ ಅದೂ ಕೂಡಿಯೇ ಇದ್ದವು. ಆಮೇಲಿನ ಹಾಡುಗಳಲ್ಲಿ ಹೀಗೆಯೇ ಅಲ್ಲಲ್ಲಿ ಒದರಿಕೆ. ಮೂರು ಫೈಲುಗಳು ತೆರೆಯಲೇ ಇಲ್ಲ. ಅಣ್ಣ ಮತ್ತೆ ಮತ್ತೆ ಒತ್ತಿದ, ಆರಿಸಿ ಹಚ್ಚಿದ, ಕಪಾಟಿನ ಗಾಜಿನ ಬಾಗಿಲು ತೆಗೆದು ಮುಚ್ಚಿದ. ಅವನ ಮುಖ ನಾನು ನೆನೆಸಿದ್ದಕ್ಕಿಂತ ಹೆಚ್ಚು ಸಣ್ಣದಾಗಿತ್ತು. ಅದನ್ನು ನಾನು ಪೂರ್ತಿ ನೋಡಿದೆ, ಕಣ್ಣು ತೆಗೆಯಲಿಲ್ಲ.

ಆಮೇಲೆ ಅವನು ಅತ್ತಿಗೆಯ ಕಡೆ ತಿರುಗಿದ.

"ಒಲಿ ಮ್ಯಾಗಿನ ಅಟ್ಟದಾಗ ಇಟ್ಟಿದ್ದಿ ನೀನು. ಉಗಿ ಹೊಡದು ಹೊಡದು ಟೇಪೆಲ್ಲಾ ಹಾಳಾಗ್ಯಾವ. ನಮ್ಮಪ್ಪನ ದನಿ ನಿನಗ ಏನ್ ಕಿಮ್ಮತ್ತು?"

ತಾನೇ ಇಟ್ಟಿದ್ದು ನಿಜವಲ್ಲವೇ, ತಪ್ಪು ತನ್ನದೇ ಎಂದು ಅತ್ತಿಗೆಯೂ ನಂಬಿದಳು. ಸೆರಗಿನಿಂದ ಅಪ್ಪನ ಬಾಯಿ ಒರೆಸಿ ಒಳಗೆ ಹೋದಳು. ಎರಡು ವರ್ಷದಿಂದ ಅಪ್ಪನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದವಳು ಅವಳು, ಅವನ ಬಟ್ಟೆ ಬದಲಿಸುತ್ತಿದ್ದವಳು ಅವಳು. ನಾನು ಹಗ್ಗ ಅಣ್ಣನ ಕೊರಳಿಗೆಂದು ಎಸೆದಿದ್ದೆ, ಅದು ಹೋಗಿ ಇವಳಿಗೆ ಬಿತ್ತು. ಆಗಲೂ ಬಾಯಿ ಬಿಡಲಿಲ್ಲ ನಾನು. ಕೊಟ್ಟ ಊಟ ಉಂಡು, ಬಸ್ಸು ಹತ್ತಿ ಬಂದೆ.

ನಾಲ್ಕು ದಿನದ ಮೇಲೆ ಕಂಪ್ಯೂಟರ್ ಶುರುವಾಗುತ್ತಲೇ ಇಲ್ಲವೆಂದು ಅಣ್ಣ ಮತ್ತೆ ಅಂಗಡಿಗೆ ತಂದ. ಪರೀಕ್ಷೆ ಹಚ್ಚಿದೆ. ಕೆಂಪು ಸಾಲುಗಳು ಪರದೆ ತುಂಬಿ ಮೇಲಕ್ಕೆ ಓಡತೊಡಗಿದವು. ಅವನು ನನ್ನ ಹಿಂದೆಯೇ ನಿಂತಿದ್ದ.

"ಇವು ಕೆಂಪು ಯಾಕ ಅದಾವ?"

ತಪ್ಪುಗಳು ಎಂದೆ. ಅವತ್ತು ಪಾಸಾಗಿತ್ತಲ್ಲ ಎಂದ. ಪಾಸ್ ಎಂದರೆ ಏನೆಂದು ಅವನಿಗೆ ಬೆರಳು ಇಟ್ಟು ತೋರಿಸಿದೆ, ಮಕ್ಕಳಿಗೆ ತೋರಿಸುವ ಹಾಗೆ. ಅವತ್ತೂ ಒಂದು ತಪ್ಪು ಬಂದಿತ್ತು, ನಾನು ನೋಡಿದ್ದೆ, ನೋಡಿಯೂ ಕೊಟ್ಟೆ ಎಂದೆ. ಕ್ಯಾಸೆಟ್ಟು ಇಳಿಸುವ ಸುದ್ದಿ ಬಂದಾಗಲೂ ಸುಮ್ಮನಿದ್ದೆ ಎಂದೂ ಹೇಳಿದೆ. ಫಾರ್ಮಿನ ಮಾತನ್ನು ನಾನು ಎತ್ತಲಿಲ್ಲ. ಎತ್ತುವ ಅಗತ್ಯ ಬೀಳಲಿಲ್ಲ. ಅವನಿಗೆ ತಿಳಿಯಿತು. ಸ್ಟೂಲಿನ ಮೇಲೆ ಕೂತು, ಮುಖ ಮುಚ್ಚಿಕೊಳ್ಳದೆ, ಬಾಗಿಲ ಹೊರಗೆ ಜನ ಓಡಾಡುತ್ತಿದ್ದಾಗಲೇ ಅತ್ತ. ಅವ್ವ ಸತ್ತಾಗ ಅವನು ಹಾಗೆ ಅತ್ತಿರಲಿಲ್ಲ. ಹೋಗುವಾಗ ಹೇಳಿದ್ದು ಒಂದೇ: ಅಪ್ಪನಿಗೆ ಇದು ಗೊತ್ತಾಗುವುದು ಬೇಡ.

ಕಂಪ್ಯೂಟರನ್ನು ನನ್ನಲ್ಲೇ ಬಿಟ್ಟುಹೋದ. ಮೆಮೊರಿಯ ವೇಗ ಇಳಿಸಿ, ಫ್ಯಾನು ಹಾಕಿ, ಎರಡು ದಿನ ಪರೀಕ್ಷೆ ಹಚ್ಚಿಟ್ಟೆ. ಒಂದೂ ತಪ್ಪು ಬರಲಿಲ್ಲ. ಕೆಟ್ಟ ಮೂರು ಫೈಲುಗಳನ್ನು ಬಲ್ಲವರಿಗೆಲ್ಲ ತೋರಿಸಿದೆ, ಯಾರಿಂದಲೂ ಆಗಲಿಲ್ಲ.

ಅಣ್ಣ ಮನೆಯಲ್ಲಿ ಏನು ಹೇಳಿರುತ್ತಾನೆ ಎಂದು ಕಾದೆ. ಅವನು ಏನೂ ಹೇಳಿರಲಿಲ್ಲ. ಟೇಪು ಕೆಟ್ಟದ್ದು ಅತ್ತಿಗೆಯಿಂದಲೇ ಎನ್ನುವ ಮಾತು ಹಾಗೇ ನಿಂತಿತ್ತು. ತಂಗಿಯನ್ನು ಕಾಯಲು ಸುಮ್ಮನಿದ್ದನೋ, ತನ್ನ ಹಳೆಯ ಮಾತು ಹೊರಬೀಳುವುದೆಂದು ಸುಮ್ಮನಿದ್ದನೋ ನಾನು ಕಾಣೆ. ಕೊನೆಗೆ ನಾನೇ ಅತ್ತಿಗೆಗೆ ಫೋನು ಮಾಡಿ ಮೊದಲಿನಿಂದ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು.

"ನಿಮ್ಮಿಬ್ಬರ ನಡುವ ನನ್ನ ಯಾಕ ನಿಂದರಿಸಿದ್ರಿ? ನಾ ಏನ್ ಮಾಡಿದ್ದೆ ನಿಮಗ?" ಎಂದಳು. ಆಮೇಲೆ, "ಮಾವನ ಮುಂದ ಮಾನ ಹೋಗಿದ್ದು ನಂದು. ಬಂದು ಮಾವಗ ನೀನ ಹೇಳು," ಎಂದು ಫೋನು ಇಟ್ಟಳು. ನನ್ನನ್ನು ಅವಳು ಯಾವಾಗಲೂ ತಂಗಿ ಎಂದು ಕರೆಯುತ್ತಿದ್ದಳು. ಆ ಮಾತಿನಲ್ಲಿ ಅದು ಇರಲಿಲ್ಲ, ಈವರೆಗೂ ಮರಳಿ ಬಂದಿಲ್ಲ.

ಅಣ್ಣ ಸಾಲಿಗೆ ಹೋದ ಹೊತ್ತು ನೋಡಿ ಕೊಪ್ಪಳಕ್ಕೆ ಹೋದೆ. ಅತ್ತಿಗೆ ಬಾಗಿಲು ತೆಗೆದು, ನೀರು ಕೊಟ್ಟು, ಹಿತ್ತಲಿಗೆ ಹೋದಳು. ಅಪ್ಪ ಮಂಚದ ಮೇಲೆ ಮಲಗಿದ್ದ. ಪಕ್ಕದಲ್ಲಿ ಕೂತು ಅವನ ಆಡುವ ಕೈ ಹಿಡಿದುಕೊಂಡು ಹೇಳಿದೆ. ಟೇಪು ಕೆಟ್ಟಿದ್ದು ಅತ್ತಿಗೆಯಿಂದಲ್ಲ, ಟೇಪಿನಲ್ಲಿ ದನಿ ಚೆನ್ನಾಗಿಯೇ ಇತ್ತು, ಕೆಡಿಸಿದ್ದು ನಾನು ಎಂದೆ. ಮೆಮೊರಿಯ ಮಾತು ಅವನಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಯಾಕೆ ಎನ್ನುವಂತೆ ಹುಬ್ಬು ಎತ್ತಿದ. ಫಾರ್ಮಿನ ಕಥೆ ಹೇಳಿದೆ, ಗುಮಾಸ್ತರ ಮುಂದೆ ಅಣ್ಣ ಆಡಿದ್ದನ್ನು ಹೇಳಿದೆ. ಅಣ್ಣನಿಗೆ ಈಗ ಗೊತ್ತಿದೆ ಎಂದೂ ಹೇಳಿದೆ.

ಅಪ್ಪ ಬಾಯಿ ಸೊಟ್ಟ ಮಾಡಿ ಒಂದೊಂದೇ ಅಕ್ಷರ ಹೊರಡಿಸಿದ. ಯಾವ ಹಾಡು ಹೋದವೆಂದು ಕೇಳುತ್ತಾನೆ ಎಂದುಕೊಂಡಿದ್ದೆ, ಅವುಗಳ ಹೆಸರು ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಅಂವ... ಅತ್ತನೇನು?"

"ಹೂಂ ಯಪ್ಪಾ. ಭಾಳ ಅತ್ತ."

ಹೇಳುವಾಗ ನನ್ನ ದನಿಯಲ್ಲಿ ಏನಿತ್ತು ಎಂದು ನನಗೇ ಕೇಳಿಸಿತು. ಅಷ್ಟೆಲ್ಲ ಆದ ಮೇಲೂ, ಅಪ್ಪನ ದನಿಯನ್ನೇ ಕಳೆದ ಮೇಲೂ, ಅಣ್ಣ ಅತ್ತದ್ದನ್ನು ಹೇಳುವಾಗ ನನ್ನೊಳಗೆ ಒಂದು ಕಡೆ ಹಿತವಾಗಿತ್ತು. ಅಡಗಿಸಲು ಹೊತ್ತು ಸಿಗಲಿಲ್ಲ. ಹಾಡುಗಾರನ ಕಿವಿ ಅದು, ಲಕ್ವಾ ಅದನ್ನು ಮುಟ್ಟಿರಲಿಲ್ಲ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದ, ತನ್ನ ಕೈಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದ.